ಕಂಬಳಿಗೆ ಎಷ್ಟು, ಪಟ್ಟೆಗೆ ಎಷ್ಟು?

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಹೆಸರಿನಲ್ಲೇ ಸಂತೆ ಇದೆ. ಊರಲ್ಲಿ ಹೊಯ್ಸಳರ ಕಾಲದ ಮಹಾಲಿಂಗೇಶ್ವರ ದೇವಾಲಯವೂ ಇದೆ. ಹಿಂದೆ ಇಂಥ ಸಂತೆಯಲ್ಲಿ ಒಂದು ಕರಿಕಂಬಳಿ ಎಷ್ಟಕ್ಕೆ ಹೋಗುತ್ತಿತ್ತು, ಮದುವೆಗೆಂದು ತರುತ್ತಿದ್ದ ಪಟ್ಟೆಸೀರೆಗೆ ಎಷ್ಟು ಬೀಳುತ್ತಿತ್ತು ಎಂದು ಯಾರಾದರೂ ಕೇಳಿದರೆ ಶಾಸನ ನೋಡಿ ಎನ್ನುವುದು ವಾಡಿಕೆ. ಈ ಸೀಮೆಯ ಶಾಸನಗಳಿಗೇನೂ ಬರವಿಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 3 ಮತ್ತು 4ನೇ ಸಂಪುಟಗಳಲ್ಲಿ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲದ ಕಲ್ಲುಗಳು ಅಚ್ಚಾಗಿವೆ. ಆದರೆ ಕಲ್ಲು ಬರೆಸಿದ್ದು ದಾನ ಕೊಟ್ಟವನು, ಕೊಂಡುಕೊಂಡವನಲ್ಲ. ಅಲ್ಲಿ ಸಿಗುವುದು ಗದ್ದೆಯ ಎಲ್ಲೆ, ದೇವರ ನಂದಾದೀಪದ ಎಣ್ಣೆ, ಬಿಟ್ಟುಕೊಟ್ಟ ಸುಂಕ. ಮಗ್ಗದೆರೆ, ಗಾಣದೆರೆ ಎಂಬ ಮಾತು ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಮಗ್ಗಕ್ಕೆ ಇಷ್ಟು ತೆರಿಗೆ ಎಂದರೆ ಆ ಮಗ್ಗದ ಮೇಲೆ ಏರಿದ್ದು ಉಣ್ಣೆಯೋ ಹತ್ತಿಯೋ ರೇಷ್ಮೆಯೋ, ಇಳಿದ ಬಟ್ಟೆ ಎಷ್ಟಕ್ಕೆ ಮಾರಿತು ಎಂಬುದೇನೂ ತಿಳಿಯುವುದಿಲ್ಲ.

ಬಟ್ಟೆಯ ಬೆಲೆ ಬರವಣಿಗೆಗೆ ಇಳಿಯಬೇಕಾದರೆ ಅದು ಯಾವುದಾದರೂ ಕಟ್ಟೆಯನ್ನು ದಾಟಬೇಕು: ಸುಂಕದ ಕಟ್ಟೆ, ಅರಮನೆಯ ಉಗ್ರಾಣ, ಇಲ್ಲವೇ ನ್ಯಾಯಸ್ಥಾನ. ಮಧ್ಯಯುಗದ ಯೂರೋಪಿನ ಉಣ್ಣೆಬಟ್ಟೆಯ ಬೆಲೆ ನಮಗೆ ಇಷ್ಟೊಂದು ತಿಳಿದಿರುವುದಕ್ಕೆ ಕಾರಣ ಇದೇ. ಇಂಗ್ಲೆಂಡಿನ ಉಣ್ಣೆ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. 1275ರಲ್ಲಿ ಅಲ್ಲಿನ ದೊರೆ ಪ್ರತಿ ಮೂಟೆಗೆ 6 ಶಿಲ್ಲಿಂಗ್ 8 ಪೆನ್ಸ್ ಸುಂಕ ಹಾಕಿದ. ಅಂದಿನಿಂದ ಮೂಟೆಗಳ ಎಣಿಕೆ ಗುಮಾಸ್ತನ ಕೈಗೆ ಬಂತು. 1363ರಲ್ಲಿ ಇನ್ನೊಂದು ವಿಚಿತ್ರ ಕಾನೂನು ಬಂತು, ಯಾರು ಎಂಥ ಬಟ್ಟೆ ಉಡಬೇಕೆಂದು. ನೇಗಿಲು ಹಿಡಿಯುವವರು, ಗಾಡಿ ಹೊಡೆಯುವವರು 12 ಪೆನ್ನಿಗೆ ಮೀರದ ಒರಟು ಉಣ್ಣೆಬಟ್ಟೆಯನ್ನೇ ಉಡಬೇಕು. ಕಸಬುದಾರರು ಇಡೀ ಥಾನಿಗೆ 40 ಶಿಲ್ಲಿಂಗ್ ದಾಟಬಾರದು, ರೇಷ್ಮೆಯನ್ನು ಮುಟ್ಟಲೇಬಾರದು. ಪ್ಲೇಗಿನ ಮಹಾಮಾರಿಯಲ್ಲಿ ಜನ ಸತ್ತು ಉಳಿದವರ ಕೂಲಿ ಏರಿತ್ತು. ಆಳುಗಳು ಒಡೆಯರಂತೆ ಉಡತೊಡಗಿದ್ದು ಒಡೆಯರ ಕಣ್ಣು ಕುಕ್ಕಿತ್ತು. ಕಾನೂನು ಎರಡು ವರ್ಷವೂ ಸರಿಯಾಗಿ ನಿಲ್ಲಲಿಲ್ಲ. ಆದರೂ ಅದರಿಂದ ಬಟ್ಟೆಗಳ ಬೆಲೆಯ ಏಣಿಯೊಂದು ಚರಿತ್ರೆಗಾರನಿಗೆ ಸಿಕ್ಕಿತು. ಅದು ಪೇಟೆಯ ಧಾರಣೆಯಲ್ಲ, ಸರ್ಕಾರ ಹಾಕಿದ ಮಿತಿ ಎಂಬುದನ್ನು ಮಾತ್ರ ಮರೆಯಬಾರದು.

ನಮ್ಮಲ್ಲಿ ಕುರುಬರ ಕಂಬಳಿ ಇಂಥ ಯಾವ ಕಟ್ಟೆಯನ್ನೂ ದಾಟಬೇಕಾಗಿರಲಿಲ್ಲ. ಕುರಿ ಅಲ್ಲಿಯದು, ತುಪ್ಪಟ ಕತ್ತರಿಸಿದವರು ಅಲ್ಲಿಯವರು, ನೂತ ಹೆಂಗಸರು ಆ ಮನೆಯವರೇ, ಕೊಂಡವನು ಪಕ್ಕದ ಊರಿನವನು. ಎಷ್ಟೋ ಸಲ ಕೊಟ್ಟದ್ದೂ ಕಾಸಲ್ಲ, ರಾಗಿ. ರೇಷ್ಮೆಯ ದಾರಿ ಬೇರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಅರಸನ ಉಡುಪಿಗೆಂದೇ ಒಂದು ಅಧ್ಯಾಯವಿದೆ. ಚೋಳ, ಕಳಿಂಗ, ಸಿಂಹಳ, ಮಹಾಚೀನದವರೆಗಿನ ಬಟ್ಟೆಗಳ ಹೆಸರು ಅಲ್ಲಿ ಸಾಲಾಗಿ ಬರುತ್ತವೆ. ಬೆಲೆ ಮಾತ್ರ ಇಲ್ಲ. ಅರಸನಿಗೆ ಬೆಲೆ ಹೇಳುವುದು ಶೋಭೆಯಲ್ಲ ಎಂದಿರಬೇಕು! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಪೇಟೆಯಲ್ಲಿ ಒಂದು ವರಹಕ್ಕೆ 12 ಜೀವಂತ ಕುರಿ, ಗುಡ್ಡಗಾಡಿನಲ್ಲಾದರೆ 14 ಅಥವಾ 15 ಎಂದು ಬರೆದಿಟ್ಟ. ಕುರಿಯ ಬೆಲೆ ನಮ್ಮ ಕೈಗೆ ಬಂತು, ಅದರ ಮೈಮೇಲಿನ ತುಪ್ಪಟದ ಬೆಲೆ ಬರಲಿಲ್ಲ. ಆತ ಉಂಡದ್ದು ಮಾಂಸ, ಹೊದ್ದದ್ದು ಕಂಬಳಿಯಲ್ಲ.

ಹಾಗಾಗಿ ‘ರೇಷ್ಮೆ ದುಬಾರಿ, ಕಂಬಳಿ ಅಗ್ಗ’ ಎಂಬ ನಮ್ಮ ನಂಬಿಕೆ ಅರ್ಧ ನಿಜ, ಉಳಿದರ್ಧ ದಾಖಲೆಗಳ ಓರೆನೋಟದ ಫಲ. ರೇಷ್ಮೆಯೇ ಹೆಚ್ಚು ತುಟ್ಟಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಂಬಳಿ ಯಾರ ಪಾಲಿಗೆ ಅಗ್ಗ? ಹೊಲದ ಆಳಿಗೆ ಅದು ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ನೆಂಟರು ಬಂದರೆ ಹಾಸು, ಮದುವೆ ಮನೆಯಲ್ಲಿ ಗದ್ದುಗೆ. ವರ್ಷಗಟ್ಟಲೆ ಬಾಳುವ ಈ ಒಂದೇ ವಸ್ತುವಿಗೆ ಅವನು ಎಷ್ಟು ದಿನ ದುಡಿಯಬೇಕಿತ್ತು ಎಂದು ಕೇಳಿದಾಗ ಮಾತ್ರ ಬೆಲೆ ಎಂಬ ಮಾತಿಗೆ ತೂಕ ಬರುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಜಾನ್ ಮನ್ರೊ ಫ್ಲಾಂಡರ್ಸಿನ ಕಡುಗೆಂಪು ಉಣ್ಣೆಬಟ್ಟೆಯನ್ನು ಹೀಗೇ ಅಳೆದರು: ಒಂದು ಥಾನಿಗೆ ಗಾರೆ ಮೇಸ್ತ್ರಿಯ ಎಷ್ಟು ದಿನದ ಕೂಲಿ? ತಿಂಗಳುಗಳನ್ನು ಮೀರಿದ ಉತ್ತರ ಬಂತು. ಅದರಲ್ಲಿ ದೊಡ್ಡ ಪಾಲು ನುಂಗಿದ್ದು ಸಣ್ಣ ಕೀಟಗಳಿಂದ ತೆಗೆದ ಕೆಂಪು ಬಣ್ಣ. ಉಣ್ಣೆ ಎಂದರೆ ಬಡವರ ಬಟ್ಟೆ, ರೇಷ್ಮೆ ಎಂದರೆ ಸಿರಿವಂತರದು ಎಂಬ ಲೆಕ್ಕ ಅಲ್ಲೂ ನಿಲ್ಲಲಿಲ್ಲ.

ಇಲ್ಲಿಯ ನಾಣ್ಯ, ಅಳತೆಗಳೇ ಒಂದಕ್ಕೊಂದು ಕೂಡುವುದಿಲ್ಲ, ಹೋಲಿಸುವುದು ಹೇಗೆ ಎಂಬ ಆಕ್ಷೇಪ ಸಲ್ಲತಕ್ಕದ್ದೇ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಅಚ್ಚು ಹಾಕಿಸಿದ್ದು ಚಿಕ್ಕ ಚಿನ್ನದ ಹಣ. ಅಂಥ ಹತ್ತು ಹಣ ಸೇರಿದರೆ ಒಂದು ವರಹ, ಅದೂ ಲೆಕ್ಕದಲ್ಲಿ ಮಾತ್ರ. ಕಚ್ಚಾ ಸೇರು 24 ರೂಪಾಯಿ ತೂಕ, ಪಕ್ಕಾ ಸೇರು ಅದಕ್ಕಿಂತ ಎಷ್ಟೋ ದೊಡ್ಡದು. ಕೊಳಗವಂತೂ ಊರಿಗೊಂದು. ಮೇಲಾಗಿ ನಮ್ಮ ದನದ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಟವೆಲ್ ಮುಚ್ಚಿ ಬೆರಳು ಹಿಡಿದೇ ವ್ಯಾಪಾರ. ಆದರೆ ಈ ತೊಡಕುಗಳೆಲ್ಲ ನಾಣ್ಯ ಹಿಡಿದು ಹೋದವನಿಗೆ. ದಿನ ಹಿಡಿದು ಹೋದವನಿಗೆ ದಾರಿ ಇದೆ, ಏಕೆಂದರೆ ನೂಲುವ ಕೈಯ ವೇಗ ಅರಸು ಬದಲಾದರೆ ಬದಲಾಗುವುದಿಲ್ಲ. ಸಾಟಿ ವ್ಯಾಪಾರಕ್ಕೆ ಬೆಲೆಯೇ ಇಲ್ಲ ಎನ್ನುವವರಿಗೂ ಇದೇ ಉತ್ತರ: ಕಂಬಳಿಗೆ ಇಷ್ಟು ಕೊಳಗ ರಾಗಿ ಎಂದರೆ ಅದೂ ಬೆಲೆಯೇ, ರಾಗಿ ಬೆಳೆದವನ ದಿನಗಳಲ್ಲಿ ಹೇಳಿದ ಬೆಲೆ.

ಎರಡು ಬಟ್ಟೆಗಳಲ್ಲೂ ದುಡಿಮೆ ಅಡಗಿರುವ ಜಾಗ ಬೇರೆಬೇರೆ. ಕಂಬಳಿಯಲ್ಲಿ ಹೊತ್ತು ತಿನ್ನುವುದು ನೇಯ್ಗೆಯಲ್ಲ, ಅದಕ್ಕೂ ಮುಂಚಿನದು. ತುಪ್ಪಟ ಬಿಡಿಸಿ, ಎಕ್ಕಿ, ಎಳೆಎಳೆಯಾಗಿ ನೂತು, ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿದು, ಆಮೇಲೆ ಕುಣಿಮಗ್ಗ. ಒಬ್ಬ ನೇಯುವವನ ಕೈ ತುಂಬಿಸಲು ಹಲವು ಹೆಂಗಸರು ನೂಲಬೇಕು. ಮನೆಯ ಹೆಂಗಸರ ಈ ಕೆಲಸಕ್ಕೆ ಕೂಲಿ ಕಟ್ಟಿದವರಿಲ್ಲ. ಕಂಬಳಿ ಅಗ್ಗವಾಗಿ ಕಂಡದ್ದು ಬಹುಪಾಲು ಇದರಿಂದ. ರೇಷ್ಮೆಗೆ ಹಾಗೆ ನೂಲುವ ಗೋಜಿಲ್ಲ, ಗೂಡಿನಿಂದ ಎಳೆಯನ್ನು ನೇರವಾಗಿ ಬಿಚ್ಚುತ್ತಾರೆ. ಅಲ್ಲಿ ಹೊತ್ತು ಹೋಗುವುದು ಹಿಪ್ಪುನೇರಳೆ ತೋಟದಲ್ಲಿ, ರಾತ್ರಿ ಹಗಲೆನ್ನದೆ ಹುಳುವಿಗೆ ಸೊಪ್ಪು ಕೊಡುವುದರಲ್ಲಿ. ನಾಟಿ ಗೂಡು ಹತ್ತು ಕಿಲೋದಷ್ಟು ಬಿಚ್ಚಿದರೆ ಕೈಗೆ ಬರುವ ನೂಲು ಸುಮಾರು ಒಂದು ಕಿಲೋ. ನೂಲು ಹೊರಗಿನಿಂದ ಬರುತ್ತಿದ್ದ ಕಾಲದಲ್ಲಿ ದಾರಿಯ ಸುಂಕ, ವರ್ತಕರ ಲಾಭ ಎಲ್ಲ ಅದರ ಮೇಲೆ ಕೂರುತ್ತಿತ್ತು. 1786ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಕಾಗದವೊಂದು ಉಳಿದಿದೆ: ಬಂಗಾಳದಿಂದ ಹುಳು ತರುತ್ತಿದ್ದಾರೆ, ಸಾಕಲು ತಕ್ಕ ಜಾಗ ನೋಡಿಡಿ ಎಂದು. ಬಟ್ಟೆಯ ಬೆಲೆಯಿಂದ ದಾರಿಯ ಪಾಲನ್ನು ಕಿತ್ತುಹಾಕುವ ಯತ್ನವದು ಎಂದು ಓದಬಹುದು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲದ ಹಾದಿ ತುಳಿದಾಗ ಮೊದಲ ಬಾರಿಗೆ ಕೂಲಿ, ಬೆಳೆ, ತೂಕ, ಕಸಬು ಎಲ್ಲ ಒಂದೇ ಪುಸ್ತಕದಲ್ಲಿ, ಹಣದ ಲೆಕ್ಕದಲ್ಲಿ ಸೇರಿದವು. ಕೇಳಿ ಬರೆದವನು ಟಿಪ್ಪುವನ್ನು ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರ, ಹೇಳಿದವರು ಯುದ್ಧ ಮುಗಿದು ವರ್ಷವಾಗಿದ್ದ ರೈತರು. ತೆರಿಗೆಗೆ ಹೆದರಿ ಅವರು ಆದಾಯ ಇಳಿಸಿ ಹೇಳಿರಬಹುದು ಎಂಬ ಎಚ್ಚರ ಇರಲೇಬೇಕು. ಆದರೂ ಸಂಶೋಧನೆ ಅಲ್ಲಿಂದ ಹಿಂದಕ್ಕೆ ನಡೆಯಬೇಕೇ ಹೊರತು ಹೊಯ್ಸಳರ ಕಲ್ಲಿನಿಂದ ಮುಂದಕ್ಕಲ್ಲ. ಜೊತೆಗೊಂದು ತಕ್ಕಡಿ ಬೇಕು: ಒಂದು ಕಂಬಳಿಗೆ ಎಷ್ಟು ಕುರಿಯ ತುಪ್ಪಟ, ಒಂದು ಕಚ್ಚಾ ಸೇರು ನೂಲಲು ಎಷ್ಟು ದಿನ ಎಂದು ಕೈಯಾರೆ ನೂಲಬಲ್ಲವರ ಎದುರು ಕೂತು ಅಳೆಯಬೇಕು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಹತ್ತು ಮಗ್ಗಗಳಿಂದ ಶುರುಮಾಡಿಸಿದ ರೇಷ್ಮೆ ಕಾರ್ಖಾನೆಗೆ ಲೆಕ್ಕಪುಸ್ತಕವಿದೆ. ಕುಣಿಮಗ್ಗಕ್ಕಿಲ್ಲ. ಈಗ ಕತ್ತರಿಸಿದ ಕೂಲಿಯೂ ಹುಟ್ಟದೆಂದು ತುಪ್ಪಟವನ್ನು ಎಷ್ಟೋ ಕಡೆ ಹೊಲದ ಬದುವಿಗೇ ಎಸೆಯುತ್ತಾರೆ. ಅಳೆಯುವವರು ಹೊರಡುವುದಾದರೆ, ನೂಲುವ ಅಜ್ಜಿಯರು ಇರುವಾಗಲೇ ಹೊರಡಬೇಕು.