ಪ್ರಾಣವಹ ಸ್ರೋತಸ್ಸು ಮತ್ತು ಕೊಪ್ಪಳದ ಕರಿಧೂಳು

ಕಳೆದ ಮಾಗಿಯಲ್ಲಿ ಗಿಣಿಗೇರಿ ಭಾಗದ ಹಳ್ಳಿಯೊಂದರಿಂದ ಹಿರಿಯ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೆಮ್ಮು, ದಮ್ಮು; ರಾತ್ರಿ ಮಲಗಿದರೆ ಎದೆಯಲ್ಲಿ ಸಿಳ್ಳು ಹಾಕಿದಂತಹ ಶಬ್ದ. ನಾವು ನಾಡಿ ನೋಡಲು ಕೈ ಚಾಚಿದಾಗ ಅವರು ಕೈ ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಚಿಟಿಕೆ ಪುಡಿ ಇಟ್ಟರು. ಕಾಡಿಗೆಯಂತೆ ಕಪ್ಪಾಗಿದ್ದು, ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಮಿನುಗುತ್ತಿತ್ತು. ಬೆಳಿಗ್ಗೆ ಅಂಗಳ ಗುಡಿಸಿದಾಗ ಸಿಕ್ಕ ಧೂಳು ಅದು. "ನನಗ ಔಷಧ ಕೊಡೂದು ಆಮ್ಯಾಲ್ರೀ, ಮೊದಲ ಇದು ಏನಂತ ಹೇಳ್ರಿ" ಎಂದರು. ಆ ತಾಯಿ ಬೀಡಿ ಮುಟ್ಟಿದವರಲ್ಲ. ಮನೆಗೆ ಗ್ಯಾಸ್ ಒಲೆ ಬಂದು ಹತ್ತು ವರ್ಷ ದಾಟಿತ್ತು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ಇಪ್ಪತ್ತು ವರ್ಷ ನಮ್ಮ ನೋಂದಣಿ ಪುಸ್ತಕದಲ್ಲಿ ರೋಗಿಯ ಹೆಸರು, ವಯಸ್ಸು, ಪ್ರಕೃತಿ, ದೋಷ ಇವನ್ನಷ್ಟೇ ಬರೆಯುತ್ತಿದ್ದೆವು. ಊರನ್ನು ಬರೆಯುತ್ತಿರಲಿಲ್ಲ. ದೇಶ, ಕಾಲಗಳನ್ನು ನೋಡಿ ಚಿಕಿತ್ಸೆ ಮಾಡು ಎಂದು ಶಾಸ್ತ್ರವು ಹೆಜ್ಜೆಹೆಜ್ಜೆಗೂ ಹೇಳಿದ್ದರೂ, ದೇಶವೆಂದರೆ ಪರೀಕ್ಷೆಗೆ ಓದಿಕೊಂಡ ಜಾಂಗಲ, ಆನೂಪ, ಸಾಧಾರಣ ಎಂಬ ಮೂರು ಪದಗಳಷ್ಟೇ ಆಗಿಹೋಗಿದ್ದವು. ಊರಿನ ಹೆಸರು ಬರೆಯತೊಡಗಿದ ಮೇಲೆ ಒಂದೇ ದಿಕ್ಕಿನ ಹಳ್ಳಿಗಳು ಪುಟದಿಂದ ಪುಟಕ್ಕೆ ಮತ್ತೆ ಮತ್ತೆ ಕಾಣಿಸಿಕೊಂಡವು. ಇದು ಸಂಶೋಧನೆಯಲ್ಲ, ಒಬ್ಬ ವೈದ್ಯನ ಪುಸ್ತಕ ಮಾತ್ರ. ಆದರೂ ಅದನ್ನು ಮುಚ್ಚಿಟ್ಟು ಕುಳಿತುಕೊಳ್ಳುವುದು ನಮ್ಮಿಂದಾಗಲಿಲ್ಲ.

ನಗರದ ಹೊಗೆ ಎಂದೊಡನೆ ಭಕ್ತರಿಗೆ ದೆಹಲಿ ನೆನಪಾಗುತ್ತದೆ, ಇಲ್ಲವೇ ಬೆಂಗಳೂರಿನ ವಾಹನ ಸಾಲು. ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇದನ್ನು ನಗರವೆನ್ನಲೂ ಸಂಕೋಚವಿತ್ತು. ಆದರೆ ಸಂಡೂರು, ಹೊಸಪೇಟೆಗಳ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ರೈಲು ಮಾರ್ಗವೂ ಹತ್ತಿರ. ಹೀಗಾಗಿ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳ ಪ್ರದೇಶದಲ್ಲಿ ಉಕ್ಕಿನ, ಬೀಡುಕಬ್ಬಿಣದ, ಸ್ಪಾಂಜ್ ಐರನ್ನಿನ ಕಾರ್ಖಾನೆಗಳು ನೆಲೆಯೂರಿದವು. ಕೊಪ್ಪಳ ಪಟ್ಟಣದ ಮಗ್ಗುಲಲ್ಲೇ ಬೃಹತ್ ಉಕ್ಕಿನ ಕಾರ್ಖಾನೆಯೊಂದು ಬರುವುದನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆದುದು, ಅಂದಿನ ಜನಸಾಗರದ ನಡುವೆ ಗವಿಮಠದ ಪೂಜ್ಯರೂ ಹೆಜ್ಜೆ ಹಾಕಿದ್ದು ತಮಗೆಲ್ಲ ತಿಳಿದದ್ದೇ. ಅದರ ರಾಜಕಾರಣ ಈ ಆರೋಗ್ಯ ಪುಟದ ವಿಷಯವಲ್ಲ. ಆ ತಾಯಿಯ ಪ್ರಶ್ನೆ ಮಾತ್ರ ಈ ಪುಟದ್ದೇ.

ಮೇಜಿನ ಮೇಲಿದ್ದ ಆ ಪುಡಿ ಏನು? ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರನ್ನು ದೊಡ್ಡ ಕುಲುಮೆಯಲ್ಲಿ ಸುಟ್ಟಾಗ ಮಸಿ, ಬೂದಿ, ಕಬ್ಬಿಣದ ಸೂಕ್ಷ್ಮ ಕಣಗಳು ಹೊಗೆಯೊಡನೆ ಏಳುತ್ತವೆ. ಅಂಗಳದಲ್ಲಿ ಕಂಡ ಪುಡಿಯೂ ಅಂತಹದ್ದೇ ಇರಬೇಕು. ವಿಚಿತ್ರವೆಂದರೆ, ಕಣ್ಣಿಗೆ ಕಾಣುವ ಈ ಧೂಳು ಅತ್ಯಂತ ಅಪಾಯದ್ದಲ್ಲ. ಅದು ದಪ್ಪ, ಹೆಚ್ಚಿನ ಪಾಲು ಮೂಗಿನ ಕೂದಲಿಗೂ ಸಿಂಬಳಕ್ಕೂ ಅಂಟಿ ಹೊರಬೀಳುತ್ತದೆ. ಕಾಣದ ಧೂಳೇ ಕೊಲ್ಲುವುದು. ಅದನ್ನು ಪಿ.ಎಂ. 2.5 ಎನ್ನುತ್ತಾರೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದು, ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಮೂಗು, ಗಂಟಲು, ಶ್ವಾಸನಾಳಗಳ ಕಾವಲನ್ನೆಲ್ಲ ದಾಟಿ ಇದು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತದೆ. ಅಂತಹ ಚೀಲಗಳು ನಮ್ಮಲ್ಲಿ ಕೋಟಿಗಟ್ಟಲೆ ಇವೆ. ಅವುಗಳ ಗೋಡೆ ಈರುಳ್ಳಿಯ ಒಳಪೊರೆಗಿಂತಲೂ ತೆಳು. ಅತಿ ಸೂಕ್ಷ್ಮ ಕಣಗಳು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಹೊಗೆಯ ಬಾಧೆ ಕೆಮ್ಮಿಗೆ ನಿಲ್ಲುವುದಿಲ್ಲ. ರಕ್ತನಾಳದ ಒಳಗೋಡೆ ಊದಿಕೊಂಡು ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿಯಾಗುತ್ತದೆ. ಗರ್ಭಿಣಿಯಲ್ಲಿ ಶಿಶುವಿನ ತೂಕ ಕುಗ್ಗುತ್ತದೆ. ಬೆಳೆಯುವ ಮಗುವಿನ ಶ್ವಾಸಕೋಶ ತನ್ನ ಪೂರ್ಣ ಗಾತ್ರಕ್ಕೆ ಬಾರದೆ ಹೋಗಬಹುದು. ಅದನ್ನು ಮುಂದೆ ಯಾವ ಲೇಹ್ಯವೂ ತುಂಬಿಕೊಡದು. ಹೊರಗಿನ ವಾಯುಮಾಲಿನ್ಯವು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2013ರಲ್ಲಿಯೇ ಸಾರಿದೆ.

ಇದೆಲ್ಲ ಹೊಸ ವಿಜ್ಞಾನ, ಆಯುರ್ವೇದಕ್ಕೇನು ಸಂಬಂಧವೆಂದು ಕೆಲವರು ಕೇಳುತ್ತಾರೆ. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದ ಹೆಸರು ಜನಪದೋದ್ಧ್ವಂಸನೀಯ. ಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲವೂ ಬೇರೆ ಬೇರೆಯಾದ ಜನರು ಒಂದೇ ಕಾಲಕ್ಕೆ ಒಂದೇ ವ್ಯಾಧಿಗೆ ತುತ್ತಾಗುವುದೇಕೆ ಎಂದು ಅಗ್ನಿವೇಶನು ಆತ್ರೇಯರನ್ನು ಕೇಳುತ್ತಾನೆ. ಎಲ್ಲರಿಗೂ ಸಮಾನವಾದವು ನಾಲ್ಕು: ವಾಯು, ಜಲ, ದೇಶ, ಕಾಲ, ಇವು ಕೆಟ್ಟರೆ ಜನಪದವೇ ಕೆಡುತ್ತದೆ ಎಂಬುದು ಗುರುಗಳ ಉತ್ತರ. ಕೆಟ್ಟ ಗಾಳಿಯ ಲಕ್ಷಣಗಳಲ್ಲಿ ಧೂಳು, ಮರಳು, ಹೊಗೆಗಳಿಂದ ಕೂಡಿರುವುದೂ ಸೇರಿದೆ. ಹಿಕ್ಕಾಶ್ವಾಸ ಚಿಕಿತ್ಸೆಯ ಅಧ್ಯಾಯದಲ್ಲಿ ಉಬ್ಬಸದ ಕಾರಣಗಳನ್ನು ಹೇಳುವಾಗ ಧೂಳು, ಹೊಗೆ, ಗಾಳಿಗಳು ಪಟ್ಟಿಯ ಆರಂಭದಲ್ಲೇ ಬರುತ್ತವೆ. ನಮಗೆ ಹೆಚ್ಚು ಹಿಡಿಸುವುದು ಮೊದಲು ಹೇಳಿದ ಅಧ್ಯಾಯದ ಮುಂದಿನ ಮಾತು. ಈ ನಾಲ್ಕೂ ಕೆಡಲು ಮೂಲವೇನೆಂದರೆ ಅಧರ್ಮ, ಪ್ರಜ್ಞಾಪರಾಧ. ಅದು ದೇಶ ನಗರಗಳ ಮುಖ್ಯಸ್ಥರಿಂದ ಆರಂಭವಾಗಿ ಕೆಳಗಿನವರಿಗೆ, ವ್ಯಾಪಾರಿಗಳಿಗೆ ಹರಡುತ್ತದೆ ಎಂದು ಗ್ರಂಥವು ಹೇಳುತ್ತದೆ. ವಿದ್ಯಾರ್ಥಿಗಳಾಗಿದ್ದಾಗ ಇದನ್ನು ಪುರಾಣವೆಂದು ಹಾರಿಸಿ ಓದಿದ್ದೆವು.

ಇನ್ನು ಅಳತೆಯ ಮಾತು. ಒಂದು ಘನ ಮೀಟರ್ ಗಾಳಿಯಲ್ಲಿ ಪಿ.ಎಂ. 2.5ರ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿದೆ. ಅಂದರೆ ಕಾನೂನಿಗೆ ಶುದ್ಧವಾದ ಗಾಳಿ ಶರೀರಕ್ಕೆ ಶುದ್ಧವಾಗಿರಲೇಬೇಕೆಂದಿಲ್ಲ. ಕೊಪ್ಪಳದ ದಿವಟರ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಕೇಂದ್ರ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಆಯಾ ಕೇಂದ್ರಗಳ ಗಾಳಿಯ ಸೂಚ್ಯಂಕವನ್ನು ಯಾರು ಬೇಕಾದರೂ ನೋಡಬಹುದು. ಸೂಚ್ಯಂಕ 50ರ ಒಳಗಿದ್ದರೆ ಉತ್ತಮ, 200 ದಾಟಿದರೆ ಕಳಪೆ. ಒಂದು ಎಚ್ಚರ: ಯಂತ್ರವು ತಾನು ನಿಂತ ಜಾಗದ ಗಾಳಿಯನ್ನು ಹೇಳುತ್ತದೆ, ಚಿಮಣಿಯ ಬುಡದ ಹಳ್ಳಿಯದನ್ನಲ್ಲ. ಅಂತಹ ಹಳ್ಳಿಗಳಲ್ಲಿಯೇ ಅಳೆಯಬೇಕು. ಅಲ್ಲಿಯ ಶಾಲಾ ಮಕ್ಕಳಿಗೆ ವರ್ಷಕ್ಕೊಮ್ಮೆ ಊದಿಸಿ ನೋಡುವ ಶ್ವಾಸಕೋಶ ಪರೀಕ್ಷೆ ಆಗಬೇಕು. ಗ್ರಾಮಸಭೆಗಳಲ್ಲಿ ಭಕ್ತರು ಇದನ್ನು ಲಿಖಿತವಾಗಿ ಕೇಳಬೇಕೆಂಬುದು ನಮ್ಮ ವಿನಂತಿ. ಲಂಡನ್ನಿನಲ್ಲಿ 1952ರ ಡಿಸೆಂಬರಿನಲ್ಲಿ ಐದೇ ದಿನ ಕಲ್ಲಿದ್ದಲ ಹೊಗೆ ಕವಿದು ಸಾವಿರಾರು ಜನ ಸತ್ತಾಗ, ಸತ್ತವರ ಲೆಕ್ಕ ಕೈಯಲ್ಲಿದ್ದುದರಿಂದಲೇ 1956ರ ಶುದ್ಧ ಗಾಳಿ ಕಾಯಿದೆಗೆ ಬಲ ಬಂದಿತು.

ರಾತ್ರಿಯ ಹೊತ್ತು ಹೊಗೆ ಹೆಚ್ಚೆಂಬುದು ಹಳ್ಳಿಗರ ಸಾಮಾನ್ಯ ದೂರು. ಶೋಧಕ ಯಂತ್ರಗಳನ್ನು ನಿಲ್ಲಿಸುತ್ತಾರೆಂಬ ಅನುಮಾನವೂ ಇದೆ. ನಿಲ್ಲಿಸುವರೋ ಇಲ್ಲವೋ ತನಿಖೆ ಮಾಡಬೇಕಾದವರು ಮಾಡಲಿ. ಇನ್ನೊಂದು ಕಾರಣವಂತೂ ಖಚಿತ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಹೊಗೆ ಮೇಲೇರಲಾರದೆ ಊರಿನ ಮೇಲೆ ಹಾಸಿಕೊಳ್ಳುತ್ತದೆ. ಸೂರ್ಯ ಏರಿ ನೆಲ ಕಾದ ಮೇಲಷ್ಟೇ ಅದು ಚದುರುವುದು. ಮಾಗಿಯಲ್ಲಿ ಗಾಳಿ ಮೂಡಲಿಂದ ಬೀಸುವುದೂ ಹೆಚ್ಚು. ಆಗ ಕಾರ್ಖಾನೆಗಳ ಪಡುವಣಕ್ಕಿರುವ ಕೊಪ್ಪಳ ಪಟ್ಟಣಕ್ಕೂ ಅದರ ಪಾಲು ಬರುತ್ತದೆ.

ಆದ್ದರಿಂದ ಬ್ರಾಹ್ಮೀ ಮುಹೂರ್ತದಲ್ಲಿ ಬಯಲಿನಲ್ಲಿ ಪ್ರಾಣಾಯಾಮ ಮಾಡುವವರಿಗೆ ಒಂದು ಕಹಿ ಮಾತು. ಪೂಜೆ, ಧ್ಯಾನಗಳು ಆ ಹೊತ್ತಿಗೇ ಮನೆಯೊಳಗೆ ನಡೆಯಲಿ. ಆದರೆ ಹೊಗೆ ಕವಿದ ಹಳ್ಳಿಗಳಲ್ಲಿ ಭಸ್ತ್ರಿಕೆ, ಓಟ, ಬಿರುಸು ನಡಿಗೆಗಳನ್ನು ಬಿಸಿಲೇರಿದ ಮೇಲೆ ಮಾಡಿರಿ. ದೀರ್ಘ ಉಸಿರು ಒಳ್ಳೆಯ ಗಾಳಿಯನ್ನಷ್ಟೇ ಆರಿಸಿಕೊಂಡು ಎಳೆಯುವುದಿಲ್ಲ. ಪೂಜಾಕೋಣೆಯಲ್ಲಿ ಕಿಟಕಿ ಮುಚ್ಚಿ ಊದಿನಕಡ್ಡಿ, ಲೋಬಾನ, ಕರ್ಪೂರಗಳನ್ನು ಒಟ್ಟಿಗೆ ಉರಿಸುವುದೂ ಹೊಗೆಯೇ. ಉಬ್ಬಸವಿರುವವರ ಮನೆಯಲ್ಲಿ ಬಿಲ್ವಪತ್ರೆ, ಹೂವು ಸಾಕು. ಹಾಗೆಯೇ ಎಲ್ಲ ದೋಷವನ್ನೂ ಚಿಮಣಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಬೆಂಕಿ ಇಡುವವರು ನಮ್ಮವರೇ. ಕುಷ್ಟಗಿ ಭಾಗದ ಗ್ರಾನೈಟ್ ಕಲ್ಲುಗಣಿಗಳಲ್ಲಿ ಕಲ್ಲು ಕೊರೆಯುವವರಿಗೆ ಬರಬಹುದಾದ ಸಿಲಿಕೋಸಿಸ್ ಬೇರೆಯೇ ರೋಗ; ಅದನ್ನು ಕ್ಷಯವೆಂದು ತಪ್ಪಾಗಿ ಎಣಿಸುವುದುಂಟು. ಅಂತಹವರು ವೈದ್ಯರ ಬಳಿ ತಮ್ಮ ಕಾಯಕವನ್ನು ತಪ್ಪದೆ ಹೇಳಬೇಕು.

ಮನೆಮಟ್ಟದಲ್ಲಿ ಮಾಡಬಹುದಾದದ್ದು ಅಲ್ಪವೇ, ಆದರೂ ನಿರರ್ಥಕವಲ್ಲ. ಒಣ ಕಸಬರಿಗೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಮೂಗಿಗೇ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿರಿ. ಮೂಗಿಗೆ ವಸ್ತ್ರ ಕಟ್ಟುವುದರಿಂದ ದಪ್ಪ ಧೂಳು ತಡೆಯುತ್ತದೆ, ಸೂಕ್ಷ್ಮ ಕಣ ನಿಲ್ಲದು; ಅದಕ್ಕೆ ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಮೂಗಿನ ಹೊಳ್ಳೆಗೆ ಎರಡೆರಡು ಹನಿ ಅಣುತೈಲ ಅಥವಾ ಎಳ್ಳೆಣ್ಣೆ ಬಿಡುವ ಪ್ರತಿಮರ್ಶ ನಸ್ಯ ಒಣಗಿದ ಮೂಗಿಗೆ ಹಿತ. ಅದು ಹೊಗೆಗೆ ಗುರಾಣಿಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹಸುಗೂಸುಗಳಿಗೆ ಬೇಡ, ಎಣ್ಣೆ ಹೆಚ್ಚು ಸುರಿದು ಶ್ವಾಸಕೋಶಕ್ಕಿಳಿದರೆ ಅದೇ ಒಂದು ರೋಗವಾದೀತು. ಆಡುಸೋಗೆ, ನೆಲಗುಳ್ಳಗಳ ಕಷಾಯವನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದು. ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆಯ ಪಾಲೇ ದೊಡ್ಡದು. ಮಧುಮೇಹಿಗಳು ಕೇಳದೆ ತಿನ್ನಬಾರದು.

ತಮಕ ಶ್ವಾಸ ಹೊಸದಿದ್ದಾಗ ಸಾಧ್ಯ, ಹಳತಾದರೆ ಯಾಪ್ಯ, ಅಂದರೆ ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾದದ್ದು ಎಂದು ಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಯಾಪ್ಯವಾದದ್ದನ್ನು ನಿರ್ಮೂಲ ಮಾಡುವೆವೆಂದು ಜಾಹೀರಾತು ಕೊಡುವವರ ಮಾತು ಕೇಳಿ ಇನ್‌ಹೇಲರ್ ಬಿಟ್ಟವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಇಬ್ಬರು ಇಂದು ಇಲ್ಲ. ಆ ತಾಯಿಗೂ ನಾವು ಕಷಾಯ ಕೊಟ್ಟೆವು. ಜೊತೆಗೆ ಶ್ವಾಸಕೋಶ ತಜ್ಞರಿಗೊಂದು ಚೀಟಿ ಬರೆದೆವು. ಮಳೆಗಾಲದ ಮೂರು ತಿಂಗಳು ಧಾರವಾಡದ ಮಗಳ ಮನೆಯಲ್ಲಿದ್ದಾಗ ಸಿಳ್ಳು ನಿಂತಿತ್ತಂತೆ, ಊರಿಗೆ ಮರಳಿದ ಎರಡನೆಯ ವಾರಕ್ಕೆ ಮತ್ತೆ ಹಿಡಿಯಿತು. ಹೊಲ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಕೇಳಿದರು. ಅವರ ಮಗ ಅದೇ ಕಾರ್ಖಾನೆ ಪ್ರದೇಶದಲ್ಲಿ ಗುತ್ತಿಗೆ ಕೆಲಸಗಾರ.

ಕೊನೆಗೆ ಇಷ್ಟನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿರಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಪೂರ್ತಿ ಮಾಡಲಾಗದಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಸೇದಿದರೆ, ಕಫದಲ್ಲಿ ರಕ್ತ ಕಂಡರೆ, ಎದೆ ಹಿಂಡಿದಂತಾಗಿ ಬೆವರಿದರೆ ನಮ್ಮಂತಹವರ ಬಾಗಿಲಿಗೆ ಬಂದು ಹೊತ್ತು ಕಳೆಯಬೇಡಿರಿ. 108ಕ್ಕೆ ಕರೆ ಮಾಡಿ, ನೇರವಾಗಿ ಜಿಲ್ಲಾಸ್ಪತ್ರೆಗೆ ಹೋಗಿರಿ.