ತಲೆಕೆಳಗಾದ ಗೇರ್

ಹೆಚ್ಚಿನ ಸಾಮಾನ್ಯ ಬೈಕುಗಳಲ್ಲಿ ಮೊದಲ ಗೇರ್‌ಗೆ ಲಿವರನ್ನು ಕೆಳಗೆ ಒತ್ತಬೇಕು, ಉಳಿದವಕ್ಕೆ ಮೇಲೆತ್ತಬೇಕು. ರೇಸ್ ಬೈಕುಗಳಲ್ಲಿ ಬಹುಮಟ್ಟಿಗೆ ಇದು ತಲೆಕೆಳಗು: ಮೊದಲನೆಯದು ಮೇಲೆ, ಉಳಿದವು ಕೆಳಗೆ. ಎಡ ತಿರುವಿನಲ್ಲಿ ಬೈಕು ನೆಲಕ್ಕೆ ವಾಲಿದಾಗ ಎಡಬದಿಯ ಲಿವರಿನಡಿ ಕಾಲ್ಬೆರಳು ತೂರಿಸಲು ಜಾಗ ಸಾಲದು. ಮೇಲಿನಿಂದ ಒತ್ತುವುದು ಸಲೀಸು.

ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ರಾಡ್ ಇರುವ ಹಲವು ಬೈಕುಗಳಲ್ಲಿ ಈ ಮಾರ್ಪಾಡು ಸರಳ. ಗೇರ್ ಶಾಫ್ಟಿನ ಹಲ್ಲುಗಳ ಮೇಲೆ ಕೂತ ಪುಟ್ಟ ತೋಳಿನ ಬೋಲ್ಟ್ ಸಡಿಲಿಸಿ, ತೋಳನ್ನು ಹೊರಗೆಳೆದು, ಸುಮಾರು 180 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಬೇಕು. ಆಗ ರಾಡಿನ ಅದೇ ಎಳೆತಕ್ಕೆ ಶಾಫ್ಟ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ರಾಡ್ ಎಲ್ಲಿಯೂ ತಾಗದಂತೆ ಅದರ ಉದ್ದ ಹೊಂದಿಸಬೇಕು. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ನೆರವಾಗುವ ಕ್ವಿಕ್‌ಶಿಫ್ಟರ್ ಇದ್ದರೆ ಅದರ ಸೆನ್ಸರನ್ನೂ ಹೊಸ ದಿಕ್ಕಿಗೆ ಹೊಂದಿಸಬೇಕಾಗಬಹುದು.

ಕಾಲಿಗೆ ಹೊಸ ರೂಢಿ ಹತ್ತುವವರೆಗೆ ಖಾಲಿ ಮೈದಾನವೇ ಲೇಸು. ವೇಗದಲ್ಲಿ ಗೇರ್ ಏರಿಸಲು ಹೋಗಿ ಇಳಿಸಿಬಿಟ್ಟರೆ ಹಿಂಚಕ್ರ ಜಾರಬಹುದು.