ಸಮೀರವಾಡಿಯಲ್ಲಿ ಕಬ್ಬು ಸೀಳಿ ನೋಡಿದಾಗ

ಮಹಾಲಿಂಗಪುರದಿಂದ ಸಮೀರವಾಡಿಯತ್ತ ಹೊರಟರೆ ಟ್ರ್ಯಾಕ್ಟರ್‌ಗಳ ಹಿಂದೆಯೇ ಸಾಗಬೇಕು. ಹಂಗಾಮಿನಲ್ಲಿ ಎಲ್ಲದರ ಮೂತಿಯೂ ಸೋಮಯ್ಯ ಸಮೂಹದ ಗೋದಾವರಿ ಕಾರ್ಖಾನೆಯ ಕಡೆಗೇ. ಸಕ್ಕರೆಯ ಜೊತೆಗೆ ಎಥೆನಾಲ್, ವಿದ್ಯುತ್ತು, ರಾಸಾಯನಿಕಗಳನ್ನೂ ಮಾಡುವ ಊರಿದು. ಇಲ್ಲಿಯೇ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆಯೂ ಇದೆ.

ದಾರಿಬದಿಯ ಹೊಲದಲ್ಲಿ ಹಿರಿಯ ರೈತರೊಬ್ಬರು ಬೀಜದ ಕಬ್ಬನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಹಾಲಿನಷ್ಟು ಬಿಳುಪು. “ಕೆಂಪಾಗಿ, ನಡುನಡುವ ಬಿಳಿ ಪಟ್ಟಿ ಇದ್ರ, ಹುಳಿ ವಾಸ್ನಿ ಹೊಡದ್ರ ಆ ಬೀಜ ಮುಟ್ಟಬ್ಯಾಡ್ರಿ” ಎಂದರು. ಕೆಂಪು ಕೊಳೆ ರೋಗದ ಲಕ್ಷಣವನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚುರುಕಾಗಿ ಹೇಳಿಲ್ಲ. ಕೊಲೆಟೋಟ್ರೈಕಮ್ ಫಾಲ್ಕೇಟಮ್ ಎಂಬ ಶಿಲೀಂಧ್ರದ ಕೆಲಸವದು. ನಮ್ಮ ದೇಶದಲ್ಲಿ 1901ರಲ್ಲಿ ಅದು ವರದಿಯಾದದ್ದೂ ಗೋದಾವರಿ ನದಿಯ ಮುಖಜ ಭೂಮಿಯಿಂದ! ಈಚೆಗೆ ಉತ್ತರ ಪ್ರದೇಶದಲ್ಲಿ ಮೆರೆಯುತ್ತಿದ್ದ ಕೋ 0238 ತಳಿಯನ್ನು ಮಣಿಸಿದ್ದೂ ಇದೇ. ನಮ್ಮ ಕಡೆ ಇದರ ಹಾವಳಿ ಅಷ್ಟಿಲ್ಲ. ಆದರೆ ಬೀಜದ ತುಂಡಿನಲ್ಲಿ ಅಡಗಿ ಬರುವ ರೋಗಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಶಿಲೀಂಧ್ರ ವಿಷವನ್ನೂ ಉಗುಳುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಇಂಥ ವಿಷ ಗಿಡದ ಕೋಶದಲ್ಲಿ ಎಲ್ಲಿ ಹೋಗಿ ಕೂರುತ್ತದೆ? ಹುಡುಕಲು ಒಂದು ಚಮತ್ಕಾರದ ಹಾದಿಯಿದೆ. ಗಿಡಕ್ಕೆ ಪ್ರತಿಕಾಯಗಳಿಲ್ಲ, ಹಾಗಾಗಿ ಮೊಲವೋ ಇಲಿಯೋ ಬೇಕು. ವಿಷವನ್ನು ಪ್ರೋಟೀನಿಗೆ ಅಂಟಿಸಿ ಚುಚ್ಚಿದರೆ ಅದನ್ನು ಹಿಡಿಯುವ ಪ್ರತಿಕಾಯ ಹುಟ್ಟುತ್ತದೆ. ಆ ಪ್ರತಿಕಾಯವನ್ನೇ ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಹುಟ್ಟುವ ಎರಡನೆಯ ಪೀಳಿಗೆಯ ಕೆಲವು ಪ್ರತಿಕಾಯಗಳು ಮೂಲ ವಿಷದ ಆಕಾರವನ್ನೇ ತೊಟ್ಟಿರುತ್ತವೆ. ಬೆಲ್ಲ ತೆಗೆದ ಅಚ್ಚಿಗೆ ಮಣ್ಣು ತುಂಬಿದ ಹಾಗೆ: ರೂಪ ಬೆಲ್ಲದ್ದು, ಸಿಹಿ ಇಲ್ಲ. ಈ ಚಿಂತನೆಗೆ 1974ರಲ್ಲಿ ಬುನಾದಿ ಹಾಕಿದ ನೀಲ್ಸ್ ಯೆರ್ನೆ 1984ರಲ್ಲಿ ನೊಬೆಲ್ ಪಡೆದರು.

ಇಂಥ ಪ್ರತಿಕಾಯ ವಿಷದ ಬದಲಿಗೆ ನಿಂತು ಪರೀಕ್ಷೆಗಳನ್ನು ಸುರಕ್ಷಿತವಾಗಿಸಬಲ್ಲದು, ಕೋಶದಲ್ಲಿ ವಿಷದ ಪೀಠವನ್ನೂ ತೋರಿಸಬಲ್ಲದು. ಪೀಠ ಹುಡುಕುವುದು ಸುಲಭವೇನಲ್ಲ: ಬಾದಾಮಿ ಗಿಡವನ್ನು ಬಾಡಿಸುವ ಫ್ಯೂಸಿಕಾಕ್ಸಿನ್ ವಿಷವನ್ನು ಇಟಲಿಯಲ್ಲಿ 1964ರಲ್ಲಿ ಬೇರ್ಪಡಿಸಿದ್ದರು. ಅದು ಕೂರುವ ಜಾಗ ಖಚಿತವಾಗಲು 1994 ಬಂತು. ಪೀಠ ಗೊತ್ತಾದರೆ ರೋಗ ತಡೆಯುವ ತಳಿಯ ಆಯ್ಕೆ ಸಲೀಸಾಗಬಹುದು.

ಆದರೆ ಇದೆಲ್ಲ ಪ್ರಯೋಗಾಲಯದ ಮಾತು, ಹೊಲಕ್ಕೆ ಸಿಂಪಡಿಸುವ ಔಷಧಿಯಲ್ಲ. ಸದ್ಯಕ್ಕೆ ಬೀಜ ಕೊಳ್ಳುವ ಮುನ್ನ ಕಬ್ಬು ಸೀಳಿ ನೋಡಿ. ರೋಗ ಕಂಡ ಹೊಲದಲ್ಲಿ ಕೂಳೆ ಬಿಡಬೇಡಿ. ರೋಗ ತಗುಲಿದ ಕಬ್ಬನ್ನು ಬುಡ ಸಮೇತ ಕಿತ್ತು ಸುಡಿ.